ಪಕ್ಕದ ಸೀಟಿನ ಯಜಮಾನರು

ಕಾರು ನೋಡಲು ದಲ್ಲಾಳಿ ಹನ್ನೊಂದು ಗಂಟೆಗೆ ಬರುತ್ತೇನೆಂದಿದ್ದ. ಕನ್ನಡಕದ ಅಂಗಡಿಯ ಯಜಮಾನರು, ಊರಿಗೆಲ್ಲ ಕನ್ನಡಕದವರು, ಎಂಟಕ್ಕೇ ಬಕೆಟ್ಟು, ಬಟ್ಟೆ ಹಿಡಿದು ಮನೆ ಮುಂದೆ ನಿಂತಿದ್ದರು. ಮಾರುವ ಕಾರಿಗೆ ಇಷ್ಟು ಉಪಚಾರ ಯಾಕೆ ಎಂದು ಯಾರಾದರೂ ಕೇಳಿದ್ದರೆ ಅವರಿಗೆ ಸಿಟ್ಟು ಬರುತ್ತಿತ್ತು. ಯಾರೂ ಕೇಳಲಿಲ್ಲ. ಅದಕ್ಕೂ ಸಿಟ್ಟು ಬಂತು.

ಅವರು ಒರೆಸುತ್ತಿದ್ದದ್ದು ಮುಂದಿನ ಗಾಜನ್ನು ಮಾತ್ರ. ಮೂವತ್ತೊಂದು ವರ್ಷಗಳಲ್ಲಿ ಬಂದುಹೋದ ಐದು ಕಾರುಗಳಲ್ಲೂ ಅವರ ಪಾಲಿನ ಕೆಲಸ ಅದೊಂದೇ. ಕಾರುಗಳೆಲ್ಲ ಅವರ ಹೆಸರಿನಲ್ಲೇ ಇದ್ದವು, ನಿಜ. ಆದರೆ ಒಂದನ್ನಾದರೂ ಅವರು ಮನೆಯಿಂದ ಬೀದಿಯ ತುದಿಯವರೆಗೆ ಓಡಿಸಿದವರಲ್ಲ. ಓಡಿಸಿದ್ದು ಹೆಂಡತಿ. ಅಂಗಡಿಬೀದಿಯಲ್ಲಿ ಆಕೆಗೆ ಸಾರಥಿಯಮ್ಮ ಎಂದೇ ಹೆಸರು.

ಆಕೆಯ ತಂದೆ ಲಾರಿ ಡ್ರೈವರು. ಮಗಳಿಗೆ ಜಡೆ ಹೆಣೆಯಲು ಕಲಿಸುವ ವಯಸ್ಸಿನಲ್ಲಿ ಗೇರು ಹಾಕಲು ಕಲಿಸಿದ್ದರು. ಮದುವೆಯಾದ ಹೊಸತರಲ್ಲಿ ಅಳಿಯನಿಗೂ ಕಲಿಸಿಬಿಡೋಣವೆಂದು ಯಾರದೋ ಕಾರಿನಲ್ಲಿ ಖಾಲಿ ಮೈದಾನಕ್ಕೆ ಕರೆದೊಯ್ದರು. ಅಳಿಯಂದಿರು ಹುಟ್ಟಾ ಕನ್ನಡಕದವರು. ದಿನವಿಡೀ ಗೇಣುದ್ದದ ದೂರದಲ್ಲಿ ಮಸೂರ ಹಿಡಿದು ಗೀರು ಹುಡುಕಿ ಹುಡುಕಿ ಅವರ ಕಣ್ಣು ಅಲ್ಲಿಗೇ ಅಂಟಿಕೊಂಡಿತ್ತು. ಸ್ಟಿಯರಿಂಗ್ ಹಿಡಿದ ಎರಡನೇ ನಿಮಿಷಕ್ಕೇ ಎದುರುಗಾಜಿನ ಮೇಲೊಂದು ಚುಕ್ಕೆ ಕಂಡಿತು. ಅದು ಗೀರೋ ಕೊಳೆಯೋ ಎಂದು ಯೋಚಿಸುತ್ತಿರುವಾಗಲೇ ಮೈದಾನದಲ್ಲಿದ್ದ ಒಂದೇ ಒಂದು ಕಂಬ ಬಂದು ಬಂಪರಿಗೆ ಗುದ್ದಿತು. ಕಂಬವೇ ಬಂದು ಗುದ್ದಿತು ಎಂದು ಅವರು ಇವತ್ತಿಗೂ ವಾದಿಸುತ್ತಾರೆ.

ಮಾವ ಕೆಳಗಿಳಿದು, ಬಂಪರು ನೋಡಿ, ನಿಧಾನವಾಗಿ ಹೇಳಿದ್ದರು: "ಅಳಿಯಂದ್ರೇ, ರಸ್ತೆ ಇರೋದು ಗಾಜಿನ ಆಚೆ. ಗಾಜಿನ ಮೇಲಲ್ಲ."

ಅಲ್ಲಿಗೆ ಆ ಅಧ್ಯಾಯ ಮುಗಿಯಿತು. ಕನ್ನಡಕದವರು ಪಕ್ಕದ ಸೀಟಿಗೆ ಬಂದು ಕೂತರು. ಆ ಸೀಟು ಅವರಿಗೆ ಎಷ್ಟು ಒಗ್ಗಿಹೋಯಿತೆಂದರೆ, ಬೇರೆ ಯಾವುದರ ಆಸೆಯೂ ಹುಟ್ಟಲಿಲ್ಲ.

ಕಾರು ಬೇಕಾದದ್ದು ಗುರುವಾರಗಳಿಗೆ. ಗುರುವಾರ ಅಂಗಡಿಗೆ ಬೀಗ. ಮಸೂರದ ಪೆಟ್ಟಿಗೆ, ಫ್ರೇಮುಗಳ ಟ್ರಂಕು, ಕಣ್ಣು ಪರೀಕ್ಷೆಯ ಅಕ್ಷರದ ಹಲಗೆ, ಇಷ್ಟನ್ನು ಹೇರಿಕೊಂಡು ಗಂಡಹೆಂಡತಿ ಕನ್ನಡಕದ ಅಂಗಡಿ ಇಲ್ಲದ ಊರುಗಳ ಕಡೆ ಹೊರಡುತ್ತಿದ್ದರು. ಶಾಲೆಯ ಜಗಲಿಯಲ್ಲೋ ಅಂಚೆ ಕಚೇರಿಯ ಪಡಸಾಲೆಯಲ್ಲೋ ಹಲಗೆ ತೂಗುಹಾಕಿ ಸಂಜೆಯವರೆಗೆ ಕಣ್ಣು ನೋಡುವುದು. ಮುಂದಿನ ಗುರುವಾರ ಕನ್ನಡಕ ತಲುಪಿಸುವುದು. ಸಾರಥಿಯಮ್ಮ ವಾರದ ಉಳಿದ ಆರು ದಿನಗಳನ್ನು ಆ ಒಂದು ದಿನಕ್ಕಾಗಿಯೇ ಕಳೆಯುತ್ತಿದ್ದಳೆಂದರೂ ತಪ್ಪಿಲ್ಲ. ಬುಧವಾರ ಸಂಜೆಯಿಂದಲೇ ಆಕೆಯ ನಡಿಗೆ ಬದಲಾಗುತ್ತಿತ್ತು.

ಮೊದಲನೆಯ ಕಾರು ಹಲ್ಲಿನ ಡಾಕ್ಟರೊಬ್ಬರಿಂದ ಕೊಂಡದ್ದು. ಬೆಣ್ಣೆಯ ಬಣ್ಣ. ಪಕ್ಕದ ಬಾಗಿಲು ಸರಿಯಾಗಿ ಕೂರುತ್ತಿರಲಿಲ್ಲವಾದ್ದರಿಂದ ಕನ್ನಡಕದವರು ತಿರುವುಗಳಲ್ಲೆಲ್ಲ ಅದನ್ನು ಕೈಯಲ್ಲಿ ಹಿಡಿದುಕೊಂಡೇ ಕೂತಿರಬೇಕಿತ್ತು. ಅದಕ್ಕಿಂತ ದೊಡ್ಡ ಫಜೀತಿ ವಾಸನೆಯದು. ಎಷ್ಟು ತೊಳೆದರೂ ಲವಂಗದ ಎಣ್ಣೆಯ ವಾಸನೆ ಹೋಗಲಿಲ್ಲ. ಕಾರು ಬಂದು ನಿಂತ ಕೂಡಲೇ ಶಾಲೆಯ ಮಕ್ಕಳು ಬಾಯಿ ಮುಚ್ಚಿಕೊಂಡು ಓಡುತ್ತಿದ್ದರು. "ಹಲ್ಲು ಕೀಳೋರಲ್ಲ ಕಣ್ರೋ, ಬರೀ ಕಣ್ಣು ನೋಡೋರು!" ಎಂದು ಸಾರಥಿಯಮ್ಮ ಕೂಗಿದರೆ ಇನ್ನೂ ಜೋರಾಗಿ ಓಡುತ್ತಿದ್ದರು. ಕಣ್ಣನ್ನೂ ಕೀಳುತ್ತಾರೆಂದು ಅವುಗಳ ಲೆಕ್ಕ.

ಎರಡನೆಯದು ಕಪ್ಪೆ. ಹಸಿರು ಬಣ್ಣ, ಎರಡನೇ ಗೇರಿನಲ್ಲಿ ನೆಗೆಯುವ ಅಭ್ಯಾಸ. ಒಂದು ನೆಗೆತಕ್ಕೆ ಹನ್ನೆರಡು ಫ್ರೇಮು ಮುರಿದ ದಿನ ಅದನ್ನು ಸಾಗಹಾಕಿದರು.

ಮೂರನೆಯದನ್ನು ನೆನೆದಾಗ ಕನ್ನಡಕದವರ ಕೈಯ ಬಟ್ಟೆ ಗಾಜಿನ ಮೇಲೆ ಸುಮ್ಮನೆ ನಿಂತಿತು. ಉದ್ದನೆಯ, ಹಳೆಯ, ಏಳು ಜನ ಹಿಡಿಸುವ ಗಾಡಿ. ಆಗ ಮಗಳಿಗೆ ನಾಲ್ಕು ವರ್ಷ. ಹಿಂದಿನ ಸೀಟಿನಲ್ಲಿ ಕೂತ ಮಗಳಿಗೆ ದಾರಿಯುದ್ದಕ್ಕೂ ಕಾಣುತ್ತಿದ್ದದ್ದು ಮುಂದಿನ ಸೀಟಿನ ಬೆನ್ನಿಗೆ ಕಟ್ಟಿದ ಅಕ್ಷರದ ಹಲಗೆ. ಮೇಲೆ ದೊಡ್ಡದಾಗಿ ಟ, ಅದರ ಕೆಳಗೆ ನ ಪ, ಅದರ ಕೆಳಗೆ ರ ಗ ಡ, ಹೀಗೆ ಇಳಿದು ಕೊನೆಯ ಸಾಲಿನಲ್ಲಿ ಸಾಸಿವೆಯಷ್ಟು ಸಣ್ಣಗೆ ಸ ಬ ಲ ಚ ಮ ಯ. ಶಾಲೆಗೆ ಸೇರಿಸಿದ ಮೊದಲ ದಿನ ಟೀಚರು ವರ್ಣಮಾಲೆಯ ಮೊದಲನೆಯ ಅಕ್ಷರ ಯಾವುದು ಎಂದು ಕೇಳಿದರು. ಮಗಳು ಎದ್ದುನಿಂತು ಗಟ್ಟಿಯಾಗಿ "ಟ" ಎಂದಳು. ಮುಂದಿನದು? "ನ, ಪ." ಟೀಚರು ಮೂಗಿನ ಮೇಲೆ ಬೆರಳಿಟ್ಟುಕೊಂಡರು. ಆ ಸಂಜೆ ಗಂಡಹೆಂಡತಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದರು. ಹಲಗೆ ಇಡೀ ಸಂಸಾರಕ್ಕೆ ಬಾಯಿಪಾಠವಾಗಿದೆ ಎಂಬುದು ಆಗ ಬರೀ ನಗೆಯ ಮಾತಾಗಿತ್ತು.

ನಾಲ್ಕನೆಯದರ ಬಗ್ಗೆ ಹೇಳುವಂಥದ್ದೇನಿಲ್ಲ. ಒಳ್ಳೆಯ ಕಾರು. ಕೆಡಲಿಲ್ಲ, ಕೈಕೊಡಲಿಲ್ಲ, ಹಾಗಾಗಿ ಒಂದು ಕತೆಯನ್ನೂ ಕೊಡಲಿಲ್ಲ. ಐದನೆಯದೇ ಈ ನೀಲಿ. ಬಂದು ಆರು ವರ್ಷ.

ಪಕ್ಕದ ಸೀಟಿನಲ್ಲಿ ಕೂತವರಿಗೆ ಕೈಗೆ ಕೆಲಸವಿಲ್ಲ. ಹಾಗಾಗಿ ಕನ್ನಡಕದವರು ಬಾಯಿಗೆ ಕೆಲಸ ಕೊಟ್ಟಿದ್ದರು. "ಮುಂದೆ ಸೈಕಲ್ಲು. ಅಜ್ಜಿ ರಸ್ತೆ ದಾಟ್ತಿದಾರೆ. ಕೆಂಪು ದೀಪ. ಓ, ಹಸಿರಾಯ್ತು. ಈ ಅಂಗಡಿ ಬೋರ್ಡು ಬದಲಾಗಿದೆ ನೋಡೇ." ಕಂಡದ್ದನ್ನೆಲ್ಲ ಆಡಿ ಮುಗಿಸದಿದ್ದರೆ ಅವರಿಗೆ ಊಟ ಸೇರುತ್ತಿರಲಿಲ್ಲ. ಮೊದಮೊದಲು ಸಾರಥಿಯಮ್ಮ ರೇಗುತ್ತಿದ್ದಳು. "ನನಗೂ ಕಣ್ಣಿದೆ ಕಣ್ರೀ. ಸ್ವಲ್ಪ ಬಾಯಿಗೆ ಬೀಗ ಹಾಕ್ಕೊಳ್ಳಿ." ಈಚೆಗೆ ಎರಡು ವರ್ಷದಿಂದ ರೇಗುವುದನ್ನು ಬಿಟ್ಟಿದ್ದಳು. ಅವರು ಎಲ್ಲಾದರೂ ಸುಮ್ಮನಾದರೆ ತಾನೇ ಕೇಳುತ್ತಿದ್ದಳು, "ದೀಪ ಏನಾಯ್ತು ರೀ?" ಕೊನೆಗೂ ಹೆಂಡತಿಗೆ ನನ್ನ ಮಾತು ರುಚಿಸಿತಲ್ಲ ಎಂದು ಕನ್ನಡಕದವರು ಒಳಗೊಳಗೇ ಬೀಗಿದ್ದರು.

ಬೀಗಿದ್ದು ಇಳಿದದ್ದು ಹೋದ ತಿಂಗಳು.

ಅಂಗಡಿಯಲ್ಲಿ ಗೋಡೆಗೆ ತಾಗಿಸಿ ಒಂದು ಬೆಂಚಿದೆ. ಸರದಿ ಕಾಯುವ ಗಿರಾಕಿಗಳು ಅಲ್ಲಿ ಕೂತು, ಪಕ್ಕದಲ್ಲೇ ತೂಗುವ ಹಲಗೆಯನ್ನು ನೋಡಿ ನೋಡಿ ಕೊನೆಯ ಸಾಲನ್ನು ಕಲಿತುಬಿಡುತ್ತಾರೆ. ಆಮೇಲೆ ತಮ್ಮ ಸರದಿಯಲ್ಲಿ ಕಾಣದಿದ್ದರೂ ಪಟಪಟನೆ ಒಪ್ಪಿಸುತ್ತಾರೆ. ಕಣ್ಣಿನ ಪರೀಕ್ಷೆಯಲ್ಲೂ ಪಾಸಾಗಬೇಕೆಂಬ ಹಟ ಮನುಷ್ಯರಿಗೆ. ಅದಕ್ಕೇ ಕನ್ನಡಕದವರು ಎಲ್ಲರಿಗೂ ಹೇಳುವುದು, "ಬಲಗಡೆಯಿಂದ ಓದಿ." ಮೂವತ್ತು ವರ್ಷದಿಂದ ಪಾಲಿಸಿಕೊಂಡು ಬಂದ ನೇಮ. ಹೆಂಡತಿಯೊಬ್ಬಳನ್ನು ಬಿಟ್ಟು. ಪ್ರತಿವರ್ಷ ಕಾರಿನ ಕಾಗದಪತ್ರ ಹೊಸದು ಮಾಡಿಸುವ ವಾರ ಅವಳ ಕಣ್ಣನ್ನೂ ನೋಡುತ್ತಿದ್ದರು. ಊಟದ ಡಬ್ಬಿ ಮುಚ್ಚುವುದರೊಳಗೆ ಆ ಪರೀಕ್ಷೆ ಮುಗಿಯುತ್ತಿತ್ತು. ಎಡದಿಂದ ಓದುತ್ತಿದ್ದಳು, ಸರಿಯಿರುತ್ತಿತ್ತು, ಅಷ್ಟೇ.

ಆವತ್ತು ಬೆಳಗ್ಗಿನಿಂದ ಬಿಡುವಿಲ್ಲದ ಗಿರಾಕಿ. ಬಾಯಿಯ ರೂಢಿಗೆ ಹೆಂಡತಿಗೂ ಅಂದುಬಿಟ್ಟರು: "ಬಲಗಡೆಯಿಂದ ಓದು."

ಸಾರಥಿಯಮ್ಮ ಹಲಗೆಯ ಕಡೆ ನೋಡಿದಳು. ಆಮೇಲೆ ಬೆರಳು ಮಡಿಸತೊಡಗಿದಳು. ಸ, ಬ, ಲ, ಚ ಎಂದು ತುಟಿ ಅಲುಗುತ್ತಿತ್ತು. ಮನಸ್ಸಿನಲ್ಲೇ ಕೊನೆಯವರೆಗೆ ಹೋಗಿ, ಅಲ್ಲಿಂದ ಹಿಂದೆ ಬರುತ್ತಿದ್ದಳು. "ಯ... ಮ..." ಎಂದು ನಿಂತಳು.

ಕನ್ನಡಕದವರು ಹಲಗೆಯ ಬಳಿಗೆ ಹೋದರು. ಕೊನೆಯ ಸಾಲನ್ನು ಅಂಗೈಯಿಂದ ಮುಚ್ಚಿ ಕೇಳಿದರು, "ಇಲ್ಲೇನಿದೆ ಈಗ?"

"ಸಾಲೇ ತಾನೆ."

"ನನ್ನ ಕೈ ಇದೆ ಕಣೇ."

ಆಕೆಗೆ ಮೊದಲು ಬಂದದ್ದು ನಗು, ಆಮೇಲೆ ಅಳು. "ಕಾಣ್ತಿದೆ ಅಂತಲೇ ಅಂದ್ಕೊಂಡಿದ್ದೆ ರೀ. ಅಕ್ಷರ ಗೊತ್ತಿತ್ತಲ್ಲ, ಕಾಣ್ತಿದೆ ಅನ್ನಿಸ್ತಿತ್ತು."

ದೊಡ್ಡಾಸ್ಪತ್ರೆಯ ಕಣ್ಣಿನ ಡಾಕ್ಟರು ಹೇಳಿದ್ದು ಎರಡೇ ಮಾತು. ನೋಟದ ನಡುಭಾಗ ಸವೆದಿದೆ. ಇಂಜೆಕ್ಷನ್ ಕೊಡುತ್ತಾ ಹೋದರೆ ಉಳಿದಿರುವುದನ್ನು ಉಳಿಸಿಕೊಳ್ಳಬಹುದು, ಅಡುಗೆ, ಓಡಾಟಕ್ಕೆ ತೊಂದರೆಯಿಲ್ಲ, ಕಾರು ಮಾತ್ರ ಇನ್ನು ಮುಟ್ಟಬಾರದು. ಊರಿನವರ ಕಣ್ಣೆಲ್ಲ ನೋಡಿದವನು ಮನೆಯವಳ ಕಣ್ಣು ನೋಡಲಿಲ್ಲವಲ್ಲ ಎಂದು ಕನ್ನಡಕದವರು ನಾಲ್ಕು ದಿನ ಅಂಗಡಿ ತೆರೆಯಲಿಲ್ಲ. ಎರಡು ವರ್ಷ ಅವಳು ರಸ್ತೆಯಲ್ಲಿ ಓಡಿಸಿದ್ದು ತನ್ನ ಬಾಯಿಮಾತನ್ನು ನಂಬಿ ಎಂಬುದೂ ಆಗಲೇ ಹೊಳೆಯಿತು. ಯಾರಿಗೂ ಏನೂ ಆಗದೇ ಉಳಿದದ್ದು ಅದೃಷ್ಟ, ಜಾಣತನವಲ್ಲ.

ಡ್ರೈವರನ್ನು ಇಟ್ಟುಕೊಳ್ಳಿ ಎಂದು ಮಗಳು ಫೋನಿನಲ್ಲಿ ಹೇಳಿದಳು. ಸಾರಥಿಯಮ್ಮ ಸುತಾರಾಂ ಒಪ್ಪಲಿಲ್ಲ. "ಹಿಂದಿನ ಸೀಟಲ್ಲಿ ಗಂಟುಮೂಟೆ ಥರ ಕೂರೋಕೆ ನನ್ನಿಂದಾಗಲ್ಲ. ಮಾರಿಬಿಡೋಣ. ಗುರುವಾರನೂ ಅಂಗಡೀಲೇ ಕೂರಿ." ದಲ್ಲಾಳಿಗೆ ಹೇಳಿಕಳಿಸಿದ್ದೂ ಅವಳೇ. ಅಂದಿನಿಂದ ಬುಧವಾರದ ಸಂಜೆಗೂ ಮಂಗಳವಾರದ ಸಂಜೆಗೂ ವ್ಯತ್ಯಾಸವಿಲ್ಲದಂತಾಯಿತು. ಅದು ಕನ್ನಡಕದವರಿಗೆ ನೋಡಲಾಗುತ್ತಿರಲಿಲ್ಲ.

ಹನ್ನೊಂದಕ್ಕೆ ಸರಿಯಾಗಿ ದಲ್ಲಾಳಿ ಬಂದ. ಟೈರಿಗೆ ಒದ್ದ, ಡಿಕ್ಕಿ ತೆಗೆದು ಮೂಸಿದ. "ಒಂದು ರೌಂಡು ಹೋಗೋಣ ಸಾರ್, ಓಡಿಸಿ."

"ನನಗೆ ಬರಲ್ಲ."

"ಐದು ಕಾರಿನ ಯಜಮಾನ್ರು! ತಮಾಷೆ ಮಾಡ್ತೀರ?"

ಕೊನೆಗೆ ಅವನೇ ಹತ್ತಿ ಕೂತು ಬೀದಿಯ ತುದಿಗೆ ಒಂದು ಸುತ್ತು ಹೊಡೆದು ಬಂದ. ಸಾರಥಿಯಮ್ಮ ಹೊರಗೆ ಬಂದಿರಲಿಲ್ಲ. ಬಾಗಿಲ ಹಿಂದಿನಿಂದ ದನಿ ಮಾತ್ರ ಬಂತು:

"ಕ್ಲಚ್ಚು ಅರ್ಧ ಒತ್ತಿ ಗೇರು ಹಾಕ್ತಿದೀರ, ಪೂರ್ತಿ ಒತ್ತಿ! ಮೂಲೆ ಅಂಗಡಿ ಹತ್ರ ಮೂರನೇ ಗೇರಲ್ಲೇ ತಿರುಗಿಸಿದ್ರಿ. ಹಿಂದಿನ ಟೈರಲ್ಲಿ ಗಾಳಿ ಕಮ್ಮಿ ಇದೆ, ನೋಡ್ಕೊಳ್ಳಿ."

ದಲ್ಲಾಳಿ ಇಳಿದು ಟೈರು ನೋಡಿದ. ಕಮ್ಮಿಯೇ ಇತ್ತು. "ಅಮ್ಮಾವ್ರಿಗೆ ಒಳಗಿಂದ ಹೆಂಗೆ ಕಾಣ್ತು?" ಎಂದ.

"ಕಂಡಿಲ್ಲ, ಕೇಳಿಸ್ತು," ಎಂದರು ಕನ್ನಡಕದವರು. ಹೇಳುತ್ತಿದ್ದಂತೆಯೇ ಅವರಿಗೆ ಏನೋ ಹೊಳೆಯಿತು. ಅವಳಿಂದ ಹೋದದ್ದು ನೋಟದ ಒಂದು ಬಿಲ್ಲೆಯಷ್ಟು ಜಾಗ. ಲಾರಿ ಡ್ರೈವರು ಕೊಟ್ಟ ವಿದ್ಯೆ ಇಡಿಯಾಗಿ ಒಳಗೇ ಕೂತಿತ್ತು. ಕೈ ಚಾಚಿ ಕೀಲಿ ಈಸಿಕೊಂಡರು. "ಕಾರು ಕೊಡೋದಿಲ್ಲಪ್ಪ. ಸುಮ್ನೆ ಬರಿಸಿದ್ದಕ್ಕೆ ಬೇಜಾರು ಮಾಡ್ಕೋಬೇಡ."

ಸಾರಥಿಯಮ್ಮ ಹೊರಗೆ ಬಂದಳು. "ಮತ್ತೆ ಓಡಿಸೋರು ಯಾರು?"

"ನಾನು. ನೀನು ಕಲಿಸ್ತೀಯ."

"ನಿಮಗೆ ಐವತ್ತೊಂಬತ್ತು!"

"ಕಂಬಕ್ಕೂ ಈಗ ವಯಸ್ಸಾಗಿರುತ್ತೆ. ಅಡ್ಡ ಬರಲ್ಲ ಬಿಡು."

ಬೆಳಿಗ್ಗೆ ಡ್ರೈವಿಂಗ್ ಸ್ಕೂಲಿನ ಮೇಷ್ಟ್ರ ಜೊತೆ ರಸ್ತೆಯಲ್ಲಿ. ಸಂಜೆ ಮನೆಯ ಮುಂದೆ ನಿಂತ ಕಾರಿನಲ್ಲಿ ಹೆಂಡತಿಯ ಪಾಠ. "ಕಣ್ಣು ಮುಚ್ಚಿ. ಈಗ ಕ್ಲಚ್ಚು ಬಿಡಿ. ಕಾಲಿಗೆ ಒಂದು ನಡುಕ ಬರುತ್ತಲ್ಲ, ಅಲ್ಲಿ ನಿಲ್ಲಿಸಿ. ಅದೇ ಜಾಗ. ಅದನ್ನ ಕಾಲಿಗೆ ಹೇಳಿಕೊಡಿ, ತಲೆಗಲ್ಲ." ಮೇಷ್ಟ್ರು ಹದಿನೈದು ದಿನದಲ್ಲಿ ಕಲಿಸಲಾಗದ್ದನ್ನು ಅವಳು ಎರಡು ಸಂಜೆಯಲ್ಲಿ ಕಲಿಸಿದಳು. ಎದುರುಗಾಜು ಒರೆಸುವ ಕೆಲಸವನ್ನು ಮಾತ್ರ ಅವರ ಕೈಯಿಂದ ಕಿತ್ತುಕೊಂಡಳು. ಚುಕ್ಕೆ ಕಾಣದವರೇ ಅದನ್ನು ಮಾಡುವುದು ಕ್ಷೇಮವಂತೆ.

ಲೈಸೆನ್ಸಿನ ಪರೀಕ್ಷೆಯಲ್ಲಿ ಎರಡು ಸಲ ಡುಮ್ಕಿ. ಒಮ್ಮೆ ಹಾರಿಬಂದ ಪ್ಲಾಸ್ಟಿಕ್ ಚೀಲವನ್ನು ಬೆಕ್ಕೆಂದುಕೊಂಡು ನಡುರಸ್ತೆಯಲ್ಲಿ ನಿಲ್ಲಿಸಿದರು. ಇನ್ನೊಮ್ಮೆ ಪರೀಕ್ಷೆ ಮಾಡುವ ಸಾಹೇಬರ ಕನ್ನಡಕ ಸೊಟ್ಟಗಿದೆಯೆಂದು ಅದನ್ನೇ ನೋಡುತ್ತಾ ತಿರುವು ತಪ್ಪಿಸಿದರು. ಮೂರನೇ ಸಲ ಪಾಸು. ಆವತ್ತು ಕಣ್ಣಿನ ಪರೀಕ್ಷೆಗೆ ಅಲ್ಲಿನ ಹಲಗೆ ಓದಲು ಹೇಳಿದಾಗ, ಯಾರೂ ಕೇಳದೆಯೇ, ಎಲ್ಲ ಸಾಲುಗಳನ್ನೂ ಬಲಗಡೆಯಿಂದ ಓದಿದರು. ಸಾಹೇಬರು ವಿಚಿತ್ರವಾಗಿ ನೋಡಿದರು. ಇರಲಿ.

ಮೊದಲ ಗುರುವಾರ ಬಂತು. ಟ್ರಂಕು, ಪೆಟ್ಟಿಗೆ, ಹಲಗೆ ಹೇರಿದ್ದಾಯಿತು. ಸಾರಥಿಯಮ್ಮ ಹಳೆಯ ರೂಢಿಗೆ ಸ್ಟಿಯರಿಂಗಿನ ಕಡೆಯ ಬಾಗಿಲಿಗೆ ಹೋಗಿ, ಅಲ್ಲಿ ಒಂದು ಕ್ಷಣ ನಿಂತು, ಕಾರನ್ನು ಸುತ್ತಿ ಬಂದು ಪಕ್ಕದ ಸೀಟಿನಲ್ಲಿ ಕೂತಳು. ಕೂತವಳು ಸೀಟನ್ನು ಮುಂದೆ ಹಿಂದೆ ಸರಿಸಿ ನೋಡಿದಳು. "ಈ ಸೀಟಲ್ಲಿ ಇಷ್ಟು ವರ್ಷ ಹೆಂಗೆ ಕೂತಿದ್ರಿ? ಕಾಲು ಚಾಚೋಕೇ ಆಗಲ್ಲ."

ಕನ್ನಡಕದವರು ಗೇರು ಹಾಕಿದರು. ಅಂಗಡಿಬೀದಿ ದಾಟಿದರು, ಸೇತುವೆ ದಾಟಿದರು. ಹಲ್ಲು ಕಚ್ಚಿ, ಉಸಿರು ಬಿಗಿಹಿಡಿದು, ಗಾಜಿನ ಆಚೆಗಿನ ರಸ್ತೆಯ ಮೇಲೆ ನೆಟ್ಟ ನೋಟ ಕದಲಿಸದೆ ಓಡಿಸುತ್ತಿದ್ದರು. ಮೂವತ್ತೊಂದು ವರ್ಷದಲ್ಲಿ ಮೊದಲ ಬಾರಿಗೆ ಕಾರಿನೊಳಗೆ ಮಾತಿರಲಿಲ್ಲ. ಊರು ಹಿಂದಾಗಿ ರಸ್ತೆ ಬಯಲಿಗೆ ತೆರೆದುಕೊಂಡಿತು. ಪಕ್ಕದಲ್ಲಿ ಹೆಂಡತಿ ಕಿಟಕಿಗೆ ಮುಖ ಕೊಟ್ಟು ಕೂತಿದ್ದಳು. ತಪ್ಪೇನಾದರೂ ಮಾಡಿದೆನೋ ಎಂದು ಅವರಿಗೆ ಅಳುಕಾಯಿತು.

"ಏನೇ, ಗೇರು ಸರಿ ಇದೆ ತಾನೆ?"

"ಗೇರು ಸರಿ ಇದೆ. ಓಡಿಸೋದೂ ಸರಿ ಇದೆ." ಆಕೆ ಅವರ ಕಡೆ ತಿರುಗಿದಳು. "ನೀವೇ ಸರಿ ಇಲ್ಲ. ಯಾಕ್ರೀ ಮಾತೇ ಇಲ್ಲ? ಎದುರಿಗೆ ಏನೇನು ಬರ್ತಿದೆ ಹೇಳಿ."

ಕನ್ನಡಕದವರು ಗಂಟಲು ಸರಿಮಾಡಿಕೊಂಡರು. ವೇಗ ಸ್ವಲ್ಪ ತಗ್ಗಿಸಿದರು.

"ಮುಂದೆ ಒಂದು ಸೈಕಲ್ಲು," ಎಂದರು. "ಹಿಂದಿನ ಸೀಟಲ್ಲಿ ಒಂದು ಹುಡುಗಿ ಈ ಕಡೆ ತಿರುಗಿ ಕೂತಿದೆ. ಕನ್ನಡಕ ಹಾಕಿದೆ ಕಣೇ. ನಮ್ಮದೇ ಫ್ರೇಮು."