ಮೆಂಬರಮ್ಮನ ದಡ

ಹೋದ ತಿಂಗಳು ನಂಜನಗೂಡಿನಲ್ಲಿ ಬೇರು ನಾರು ಮಾರುವ ಗ್ರಂಥಿಗೆ ಅಂಗಡಿಯಲ್ಲಿ ನಿಂತಿದ್ದಾಗ ಅಂಗಡಿಯವರು ಒಂದು ಗೋಣಿಚೀಲದ ಬಾಯಿ ಬಿಚ್ಚಿದರು. ಲಾವಂಚದ ವಾಸನೆ ಬಂತು. ಪಕ್ಕದಲ್ಲಿದ್ದ ಹೆಂಗಸೊಬ್ಬರು ಒಂದು ಹಿಡಿ ಬೇರನ್ನು ಮೂಗಿನ ಹತ್ತಿರ ಹಿಡಿದು, "ಎಷ್ಟು ಘಮ್ ಅಂತದೆ ನೋಡಿ" ಎಂದರು. ನಾನು ಅರಿಸಿನವನ್ನೂ ಕೊಳ್ಳದೆ ಹೊರಗೆ ಬಂದುಬಿಟ್ಟೆ. ನೆಲದೊಳಗೆ ಇರುವ ತನಕ ಆ ಬೇರು ನಮ್ಮ ಮೂಗಿಗೆ ತಿಳಿಯುವುದಿಲ್ಲ. ಕಿತ್ತ ಮೇಲೆಯೇ ಆ ವಾಸನೆ. ಇದನ್ನು ನನಗೆ ಹೇಳಿಕೊಟ್ಟವರು ನಮ್ಮ ಪಕ್ಕದ ಮನೆಯ ಮೆಂಬರಮ್ಮ.

ನಂಜನಗೂಡಿನಿಂದ ಟಿ. ನರಸೀಪುರದ ಕಡೆಗೆ ಹೋಗುವಾಗ ಕಪಿಲೆಯ ದಡದಲ್ಲಿ ನಮ್ಮ ಊರು. ನಮ್ಮದು ಹೊಳೆಗೆ ಹತ್ತಿರದ ಬೀದಿ. ಪಂಚಾಯ್ತಿಯಲ್ಲಿ ನಮ್ಮ ಭಾಗದ ಸೀಟು ಹೆಂಗಸರ ಮೀಸಲಿಗೆ ಬಂದಾಗ ಮೆಂಬರಮ್ಮನ ಗಂಡ ಅವರನ್ನು ನಿಲ್ಲಿಸಿ ಗೆಲ್ಲಿಸಿದ್ದರು. ಮೊದಮೊದಲು ಮೀಟಿಂಗಿಗೂ ಗಂಡನೇ ಹೋಗಿ ಕೂತು ಬರುತ್ತಿದ್ದರು. ಒಂದು ದಿನ ಮೆಂಬರಮ್ಮ ಸೀರೆ ಉಟ್ಟು ಹೊರಟು ನಿಂತು, "ಇವತ್ತು ಮೀಟಿಂಗ್‌ಗೆ ನಾನು ಓಯ್ತೀನಿ. ನೀನು ಅಸಾ ಇಡ್ಕೊಂಡು ಓಗು. ಅದುಕ್ಕೆ ಮೀಸಲಾತಿ ಇಲ್ಲ" ಎಂದಿದ್ದರು. ಬೀದಿಯೆಲ್ಲ ನಕ್ಕಿತ್ತು. ಗಂಡನೂ ನಕ್ಕು ಹಸುವಿನ ಹಗ್ಗ ಹಿಡಿದರು.

ಆ ವರ್ಷ ಹೊಳೆ ನಮ್ಮ ದಡದ ಒಂದು ಭಾಗವನ್ನು ಕೊಂಡೊಯ್ದಿತ್ತು. ಹಿಂದೆಯೂ ನೀರು ಏರುತ್ತಿತ್ತು, ಆದರೆ ನಿಧಾನವಾಗಿ. ಪಾತ್ರೆ ಪಗಡೆ ಎತ್ತಿಡಲು ಸಮಯವಿರುತ್ತಿತ್ತು. ಈಗ ನಮ್ಮ ಹೊಳೆ ಹುಟ್ಟುವ ವಯನಾಡಿನಲ್ಲಿ ತಿಂಗಳ ಮಳೆ ಎರಡೇ ದಿನಕ್ಕೆ ಸುರಿಯುತ್ತದೆ, ಅಣೆಕಟ್ಟೆಯ ಗೇಟು ಎತ್ತುತ್ತಾರೆ, ಪಂಚಾಯ್ತಿಯ ಆಟೊ ಮೈಕಿನಲ್ಲಿ ಕೂಗಿಕೊಂಡು ಬರುವಷ್ಟರಲ್ಲಿ ನೀರೂ ಬಂದಿರುತ್ತದೆ. ಉಳಿದ ತಿಂಗಳುಗಳಲ್ಲಿ ಕೆರೆ ಒಣಗಿ ಬಿರುಕು ಬಿಟ್ಟಿರುತ್ತದೆ.

ತಾಲ್ಲೂಕಿನವರು ಮೆಂಬರುಗಳನ್ನು ಎಲ್ಲಿಗೋ ತರಬೇತಿಗೆ ಕರೆದುಕೊಂಡು ಹೋಗಿದ್ದರು. ಮಿಕ್ಕವರು ಮಕ್ಕಳಿಗೆ ಸಿಹಿ ತಂದರು. ಮೆಂಬರಮ್ಮ ಒದ್ದೆ ಗೋಣಿಯಲ್ಲಿ ಲಾವಂಚದ ಬುಡಗಳನ್ನು ತಂದರು. ಅಲ್ಲಿ ಒಂದು ಕಾಲುವೆಯ ಏರಿಯನ್ನು ಈ ಹುಲ್ಲು ಹಿಡಿದು ನಿಲ್ಲಿಸಿದ್ದನ್ನು ನೋಡಿದ್ದರಂತೆ. ನಮ್ಮ ದಡಕ್ಕೂ ಸಾಲಾಗಿ ನೆಡೋಣ, ಕೂಲಿಯನ್ನು ಉದ್ಯೋಗ ಖಾತ್ರಿಯಲ್ಲಿ ಕೊಡಿ ಎಂದು ಪಂಚಾಯ್ತಿಯಲ್ಲಿ ಕೇಳಿದರು. ನಾನೂ ಜೊತೆಗೆ ಹೋಗಿದ್ದೆ.

ಆಗಿದ್ದ ಪಿಡಿಓ ಒಳ್ಳೆಯವರೇ. "ಹುಲ್ಲು ನೆಟ್ಟಿದೀವಿ ಅಂತ ಮೇಲಕ್ಕೆ ಹೆಂಗಮ್ಮ ಬರೀಲಿ? ಗೋಡೆ ಆದ್ರೆ ಎಲ್ರಿಗೂ ಕಾಣ್ತದೆ" ಎಂದರು.

"ಗೋಡೆಗೆ ದುಡ್ಡು ಯಾವಾಗ ಬತ್ತದೆ ಸಾ?"

"ಅದು ಹೇಳಕ್ಕಾಗಲ್ಲ."

"ಒಳೆ ಆಸಾಡ ತಿಂಗಳಿಗೆ ಬತ್ತದೆ. ಅದುನ್ನ ನಾನು ಏಳ್ತೀನಿ, ಬರ್ಕೊಳಿ."

ಅವರು ನಕ್ಕರು. ಆ ಸಲದ ಯೋಜನೆಯಲ್ಲಿ ಹುಲ್ಲು ಸೇರಿತು. ಬೆಳಗಾಗುತ್ತಲೇ ಮೆಂಬರಮ್ಮ ಪ್ರತಿ ಬಾಗಿಲ ಮುಂದೆಯೂ ನಿಂತು ಕೂಗುವರು. "ಏನವ್ವ, ಇನ್ನೂ ಜಡೆ ಆಕೊಳದು ಮುಗೀನಿಲ್ವಾ? ಒಳೆ ನಿನ್ನ ನೋಡಕೆ ಬತ್ತಾ ಇಲ್ಲ ಬಾ." ಬೈಸಿಕೊಂಡವರೂ ನಗುತ್ತಾ ಬರುತ್ತಿದ್ದರು. ಅವರ ಮೇಲೆ ಮುನಿಸಿಕೊಂಡಿದ್ದವರೂ ಬರುತ್ತಿದ್ದರು. ಅದು ಹೇಗೆ ಆಗುತ್ತಿತ್ತೋ... ನಾನು ದಿನವೂ ಜೊತೆಗಿದ್ದರೂ ಗಮನಿಸಲಿಲ್ಲ.

ಮೂರನೆಯ ವರ್ಷಕ್ಕೆ ಹುಲ್ಲು ಎದೆಯುದ್ದ ಬೆಳೆದಿತ್ತು. ಆ ಮಳೆಗಾಲ ನೀರು ನಮ್ಮ ಹಿತ್ತಿಲವರೆಗೂ ಬಂತು. ಇಳಿದ ಮೇಲೆ ಹೋಗಿ ನೋಡಿದೆವು. ಹುಲ್ಲು ಮಲಗಿತ್ತು, ದಡ ಹಾಗೆಯೇ ಇತ್ತು.

ಮುಂದಿನ ಚುನಾವಣೆಗೆ ಮೀಸಲಾತಿ ಬದಲಾಯಿತು. ಸೀಟು ಬೇರೆಯವರಿಗೆ ಹೋಯಿತು. ಅದೇ ಬೇಸಿಗೆಯಲ್ಲಿ ಬಟ್ಟೆ ಒಗೆಯಲು ಹೋಗಿದ್ದ ಒಬ್ಬ ಸೊಸೆಗೆ ಹುಲ್ಲಿನೊಳಗಿಂದ ಬಂದ ಹಾವು ಕಚ್ಚಿತು. ಮೈಸೂರಿನ ಆಸ್ಪತ್ರೆಯಲ್ಲಿ ಬದುಕಿಕೊಂಡಳು. ಆದರೆ ಬೀದಿ ಹೆದರಿತು. ಶಾಲೆಯ ಅಂಗಳದ ಗ್ರಾಮಸಭೆಯಲ್ಲಿ ಆ ಹುಡುಗಿಯ ಅತ್ತೆ ಎದ್ದು, "ನಿಮ್ಮ ಉಲ್ಲು ನಮ್ಮ ಮನೆ ಮಗೀನ ತಿಂತಿತ್ತು ಕಣಮ್ಮ" ಎಂದರು. ಆಕೆಯೂ ಎಲ್ಲರ ಜೊತೆ ಹುಲ್ಲು ನೆಟ್ಟಿದ್ದವರು.

ಮೆಂಬರಮ್ಮ ಎದ್ದು ಆಕೆಯ ಪಕ್ಕಕ್ಕೆ ಹೋಗಿ ನಿಂತರು. ಆಮೇಲೆ, "ನೀ ಏಳದು ಸರಿ ಕಣಕ್ಕ. ಮ್ಯಾಲೆ ಕುಯ್ಸಿ, ಮೊಣಕಾಲುದ್ದ ಇರ್ಲಿ. ಬೇರು ಮಾತ್ರ ಮುಟ್ಟಬ್ಯಾಡಿ" ಎಂದರು. ಎಲ್ಲರೂ ಒಪ್ಪಿದರು. ಪುಸ್ತಕದಲ್ಲಿ ಮಾತ್ರ ಹುಲ್ಲು ತೆಗೆಸುವುದು ಎಂದಷ್ಟೇ ಠರಾವು ಬರೆದರು.

ಒಂದು ಬೆಳಿಗ್ಗೆ ಜೆಸಿಬಿ ಬಂತು. ಕುಡುಗೋಲಿಗೆ ಆಳು ಸಿಗಲಿಲ್ಲ ಎಂದು ಆಮೇಲೆ ಹೇಳಿದರು. ಮೆಂಬರಮ್ಮ ಅಂದು ತಾಂಡವಪುರಕ್ಕೆ ಒಂದು ಮದುವೆಗೆ ಹೋಗಿದ್ದರು. ಜೆಸಿಬಿ ದಡವನ್ನು ಕೆರೆಯುತ್ತಾ ಹೋದ ಹಾಗೆ ಬೀದಿಯೆಲ್ಲ ಘಮ್ಮೆಂದಿತು. ನಾವು ಕೆಲವರು ಅಡ್ಡ ನಿಂತು ಕೂಗಿದೆವು. ಓಡಿಸುತ್ತಿದ್ದವನಿಗೆ ಮಿಷನ್ನಿನ ಸದ್ದಿನಲ್ಲಿ ಕೇಳಿಸಿತೋ ಇಲ್ಲವೋ... ಬೇರೆ ಹೆಂಗಸರು ಬುಟ್ಟಿ ತಂದು ಬೇರು ಆರಿಸಿಕೊಳ್ಳುತ್ತಿದ್ದರು, ಬೀರುವಿನಲ್ಲಿ ಸೀರೆಗಳ ನಡುವೆ ಇಡಲು. ಕುಡಿಯುವ ನೀರಿಗೂ ಒಳ್ಳೆಯದು ಎಂದು ಯಾರೋ ಅಂದರು. ಮಧ್ಯಾಹ್ನದ ಹೊತ್ತಿಗೆ ದಡ ಬರೀ ಮಣ್ಣಾಗಿತ್ತು.

ಮೆಂಬರಮ್ಮ ಬಸ್ಸಿನಿಂದ ಇಳಿದವರು ಮನೆಗೂ ಹೋಗಲಿಲ್ಲ. ಮದುವೆಗೆ ಉಟ್ಟ ಸೀರೆಯಲ್ಲಿಯೇ ದಡಕ್ಕೆ ಇಳಿದರು. ಯಾರನ್ನೂ ಬೈಯಲಿಲ್ಲ. ಹರಿದು ಬಿದ್ದ ಬುಡಗಳನ್ನು ಆಯ್ದು ಕೈಯಿಂದಲೇ ಗುಂಡಿ ತೋಡಿ ಊರತೊಡಗಿದರು. ನಾನೂ ಕೂತೆ. ಹಾವಿನ ಮಾತೆತ್ತಿದ್ದ ಆ ಅತ್ತೆಯೂ ಬಂದು ಕೂತರು.

"ಇಡೀತದಾ ಮೆಂಬರಮ್ಮ?" ಎಂದು ಆಕೆ ಕೇಳಿದರು.

"ವರ್ಸ ಟೈಮ್ ಕೊಟ್ರೆ ಇಡೀತದೆ."

ಸಿಕ್ಕಿದ್ದು ಕೆಲವೇ ವಾರ. ಹೊಳೆ ಏರಿತು, ನಮ್ಮನ್ನೆಲ್ಲ ಶಾಲೆಯ ಗಂಜಿ ಕೇಂದ್ರಕ್ಕೆ ಸಾಗಿಸಿದರು. ಅಲ್ಲಿನ ಜಗಲಿಯಿಂದ ನೋಡಿದೆವು: ಮೊದಲು ದಡ ಹೋಯಿತು, ಆಮೇಲೆ ಮೆಂಬರಮ್ಮನ ಕೊಟ್ಟಿಗೆ, ಮಾರನೆಯ ದಿನ ಅವರ ಮನೆ, ನಮ್ಮ ಮನೆ. ದೊಡ್ಡ ಸದ್ದೇನೂ ಆಗಲಿಲ್ಲ. ಮಣ್ಣು ಕುಸಿದು ಕೂತ ಹಾಗೆ ಅಷ್ಟೇ.

ಮೆಂಬರಮ್ಮನನ್ನು ಮಗಳು ಟಿ. ನರಸೀಪುರಕ್ಕೆ ಕರೆದುಕೊಂಡು ಹೋದಳು. ನೀರು ಇಳಿಯುವ ಮೊದಲೇ ನಾನು ನೋಡಲು ಹೋದೆ. ನಮ್ಮ ಹೊಳೆ ಕಾವೇರಿಯನ್ನು ಸೇರುವ ಜಾಗದಲ್ಲಿ, ಮೆಟ್ಟಿಲ ಮೇಲೆ ಕೂತಿದ್ದರು. ನೀರು ಕೆಂಪಗೆ, ಗಟ್ಟಿಯಾಗಿ ಹೋಗುತ್ತಿತ್ತು. "ನೋಡು ಮಗ, ನಮ್ಮ ಬೀದಿ ಓಯ್ತಾ ಅದೆ" ಎಂದರು. ಆ ಚಳಿಗಾಲ ಅಲ್ಲಿಯೇ ತೀರಿಕೊಂಡರು.

ಈಗ ನಾವು ರಸ್ತೆಯಾಚೆಯ ಹೊಸ ಬಡಾವಣೆಯಲ್ಲಿದ್ದೇವೆ. ಹೊಳೆ ನಮ್ಮ ಹಳೆಯ ಬೀದಿಯ ಹಿಂದಿನ ಬೀದಿಯ ಹಿತ್ತಿಲು ಮುಟ್ಟಿದೆ. ನಂಜನಗೂಡಿನಿಂದ ಬಂದ ಮಾರನೆಯ ದಿನ ನಾನು ಪಂಚಾಯ್ತಿಗೆ ಹೋದೆ. ಈಗಿನ ಪಿಡಿಓ ಚಿಕ್ಕ ವಯಸ್ಸಿನವರು. ಎಲ್ಲವನ್ನೂ ಕೂತು ಕೇಳಿ, "ಈಗ ಹವಾಮಾನದ ಕೆಲಸಕ್ಕೇ ದುಡ್ಡು ಇಡ್ಬೋದಮ್ಮ. ಸಸಿ, ಕೂಲಿ ಎಲ್ಲಾ ಕೊಡೋಣ. ನೀವು ಜನ ಕರ್ಕೊಂಡು ಬನ್ನಿ, ಅಷ್ಟೇ" ಎಂದರು. ಅಂದು ಇಂಥವರೊಬ್ಬರಿದ್ದಿದ್ದರೆ...

ಹಳೆಯ ಬೀದಿಯ ಹೆಂಗಸರು ಬೆಳಿಗ್ಗೆಯೇ ತಾಂಡ್ಯದ ಫ್ಯಾಕ್ಟರಿ ಬಸ್ಸು ಹತ್ತುತ್ತಾರೆ. ಅವರಿಗೂ ಹೇಳಿದೆ, ಈಗ ಹೊಳೆಯ ಅಂಚಿನಲ್ಲಿರುವವರಿಗೂ ಹೇಳಿದೆ. ಎಲ್ಲರೂ ಮರ್ಯಾದೆಯಿಂದ, "ಭಾನುವಾರ ಬತ್ತೀವಿ ಬುಡಕ್ಕ" ಎಂದರು. ಭಾನುವಾರ ದಡದಲ್ಲಿ ಬಿಸಿಲೇರುವ ತನಕ ನಿಂತಿದ್ದೆ. ಯಾರೂ ಬರಲಿಲ್ಲ. ನಾನು ನೋಡುತ್ತಿದ್ದ ಹಾಗೆಯೇ ಮಣ್ಣಿನ ಒಂದು ಹೆಂಟೆ ನೀರಿಗೆ ಜಾರಿತು. ವಾಪಸು ಬರುವಾಗ ಒಂದು ಬಾಗಿಲ ಮುಂದೆ ನಿಂತು ಕೂಗಲು ಬಾಯಿ ತೆರೆದೆ. ಒಳಗೆ ಟಿವಿ ಹಾಡುತ್ತಿತ್ತು. ಏನೆಂದು ಕೂಗಬೇಕೋ ತಿಳಿಯಲಿಲ್ಲ. ಅವರ ಹಾಗೆ ಕರೆಯಲು ನನಗೆ ಬರುವುದಿಲ್ಲ.