ಬೇಡ ಎನ್ನಲು ಕಲಿತ ಸ್ಪ್ಯಾನಿಷ್

ಎಂಬತ್ತರ ದಶಕದ ಕೊನೆಯಲ್ಲಿ ನಾನು ಕೊಲ್ವಾದ ಸಮುದ್ರದಂಡೆಯ ಒಂದು ಗೆಸ್ಟ್ ಹೌಸಿನ ಜಗಲಿಯ ಮೇಲೆ ಹೊಲಿಗೆ ಯಂತ್ರ ಇಟ್ಟುಕೊಂಡು ಕೂರುತ್ತಿದ್ದೆ. ನಾವು ವಿಜಾಪುರದ ಕಡೆಯವರು. ಅಪ್ಪನಿಗೆ ಫಾತೋರ್ಡಾದಲ್ಲಿ ಗೌಂಡಿ ಕೆಲಸ, ಅಲ್ಲೇ ಬಾಡಿಗೆ ಮನೆ. ನಾನು ಬೆಳಿಗ್ಗೆ ಮಡಗಾಂವದಿಂದ ಬಸ್ಸು ಹಿಡಿದು ಹೋದರೆ ಸಂಜೆ ವಾಪಸು. ಚಳಿಗಾಲದಲ್ಲಿ ಕೊಲ್ವಾದ ತುಂಬ ವಿದೇಶದವರು. ಅವರ ಹರಿದ ಪ್ಯಾಂಟು, ಅಳತೆ ತಪ್ಪಿದ ಅಂಗಿಗಳೆಲ್ಲ ನನ್ನ ಮುಂದೆ ಬಂದು ಬೀಳುತ್ತಿದ್ದವು.

ಅವರಲ್ಲಿ ಸ್ಪೇನ್ ದೇಶದವರೊಬ್ಬರಿದ್ದರು. ತಮ್ಮ ಊರಲ್ಲಿ ಬಡಗಿ, ಪ್ರತಿ ಚಳಿಗಾಲಕ್ಕೂ ಇಲ್ಲಿಗೆ ಬರುತ್ತಿದ್ದರು. ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರಿರಬೇಕು. ಇಂಗ್ಲಿಷ್ ನನ್ನಷ್ಟೇ ಬರುತ್ತಿತ್ತು, ಅಂದರೆ ಹರಕುಮುರುಕು. ನನ್ನ ಯಂತ್ರದ ಪೆಡಲು ಸಡಿಲವಾದಾಗ ನೆಲದ ಮೇಲೆ ಕೂತು ಸರಿಮಾಡಿಕೊಟ್ಟಿದ್ದರು. ಒಮ್ಮೆ ನಮ್ಮ ಮನೆಗೂ ಬಂದು ಅವ್ವ ಬಡಿದ ಜೋಳದ ರೊಟ್ಟಿ ಉಂಡು, ಅವಳ ಕೈಯಲ್ಲಿ ಕೇಸರಿಯ ಸಣ್ಣ ಡಬ್ಬಿ ಇಟ್ಟು ಹೋದರು. ಅವ್ವ ಅದರ ವಾಸನೆ ತೆಗೆದುಕೊಂಡು ಎಷ್ಟೋ ದಿನ ಬಳಸದೆ ಇಟ್ಟಿದ್ದಳು.

ಮೂರನೆಯ ಚಳಿಗಾಲಕ್ಕೆ ಅವರು ಕೈಯಲ್ಲೊಂದು ಪುಟ್ಟ ನಿಘಂಟು ಹಿಡಿದು ಬಂದು, ಪುಟ ತಿರುವುತ್ತ ತಿರುವುತ್ತ, ನನ್ನನ್ನು ಮದುವೆಯಾಗುತ್ತೀಯಾ ಎಂದು ಕೇಳಿದರು. ನಾನು ಗಾಬರಿಯಿಂದ ನಕ್ಕುಬಿಟ್ಟೆ. ನಗುತ್ತಲೇ ‘ನೋ, ನೋ’ ಅಂದೆ, ತಲೆಯಾಡಿಸಿದೆ. ಅವರೂ ನಕ್ಕು ಹೋದರು. ಮರುದಿನ ಮತ್ತೆ ಬಂದರು. ‘ನಾಟ್ ಪಾಸಿಬಲ್’ ಅಂದೆ. ಯಾಕೆ ಎಂದು ಕೇಳಿದರು. ಮನೆಯವರು ಎಂದೆ. ಹಾಗಾದರೆ ನಿಮ್ಮ ತಂದೆಯ ಹತ್ತಿರ ನಾನೇ ಮಾತಾಡುತ್ತೇನೆ ಎಂದರು. ನಿಮ್ಮ ದೇಶ ದೂರ ಎಂದೆ. ಮಡಗಾಂವದಲ್ಲೇ ಮನೆ ಮಾಡೋಣ ಎಂದರು. ನಾನು ಒಂದೊಂದು ಕಾರಣ ಹೇಳಿದಂತೆ ಅವರು ಒಂದೊಂದನ್ನೂ ಪರಿಹರಿಸುತ್ತ ಬಂದರು. ಮನೆಗೆ ಹೋಗಿ ಅವ್ವನ ಮುಂದೆ ಎಲ್ಲ ಹೇಳಿದೆ.

“ಯಾಕ ಬ್ಯಾಡ ಅಂತಿ? ಮನಷ್ಯಾ ಚಲೋ ಅದಾನ,” ಅಂದಳು ಅವ್ವ.

“ಚಲೋನ ಅದಾರವ್ವಾ. ನನಗ ಬ್ಯಾಡ, ಅಷ್ಟ.”

ಅವ್ವ ನನ್ನ ಮುಖವನ್ನೇ ನೋಡಿದಳು. “ಹಂಗಾರ ತಿಳಿಯೂ ಹಂಗ ಹೇಳು. ನಕ್ಕೋತ ಹೇಳಿದ್ರ ಯಾರ ಕೇಳ್ತಾರ?”

ಅದೇ ಗೆಸ್ಟ್ ಹೌಸಿನಲ್ಲಿ ಸ್ಪೇನಿನ ಒಬ್ಬ ವಯಸ್ಸಾದ ಹೆಂಗಸೂ ಇದ್ದರು. ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು, ಇಂಗ್ಲಿಷ್ ಚೆನ್ನಾಗಿ ಮಾತಾಡುತ್ತಿದ್ದರು. ಪೈಜಾಮದ ಅಳತೆ ಕೊಡಲು ನನ್ನ ಮುಂದೆ ಬಂದು ನಿಂತಾಗ, ಟೇಪು ಹಿಡಿದುಕೊಂಡೇ ಕೇಳಿದೆ: ನಿಮ್ಮ ಭಾಷೆಯಲ್ಲಿ ಮದುವೆ ಬೇಡ ಅನ್ನುವುದು ಹೇಗೆ? ವ್ಯಾಕರಣ ಎಲ್ಲಿಯೂ ತಪ್ಪಬಾರದು. ಮುರುಕು ಮಾತಿನಲ್ಲಿ ಹೇಳಿದರೆ ಅವರು ನಾಚಿಕೆ ಅಂದುಕೊಳ್ಳುತ್ತಾರೆ.

ಯಾರಿಗೆ ಎಂದು ಆಕೆ ಕೇಳಲಿಲ್ಲ. ಆ ಜಗಲಿಯಲ್ಲಿ ಅದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಕುರ್ಚಿ ಎಳೆದುಕೊಂಡು ಕೂತರು. ನೀನು ಏನು ಹೇಳಬೇಕೆಂದಿದ್ದೀ ಎಂದಾಗ, ಆಗುವುದಿಲ್ಲ ಅಂತ ಎಂದೆ. ನಮ್ಮ ಮಂದಿ ಹಾಗೇ ಅಲ್ಲವೇ ಹೇಳುವುದು, ‘ಆಗಂಗಿಲ್ರಿ’ ಅಂತ. ಅದಕ್ಕೆ ‘ನೋ ಪುಯೆದೊ’ ಅನ್ನಬೇಕು, ಆದರೆ ಅದನ್ನು ಹೇಳಬೇಡ ಎಂದರು ಆಕೆ. ಆಗುವುದಿಲ್ಲ ಎಂದರೆ ಏನು ಅಡ್ಡಿ ಎಂದು ಕೇಳುತ್ತಾರೆ, ಅಡ್ಡಿ ತೆಗೆಯಲು ಹೊರಡುತ್ತಾರೆ. ‘ನೋ ಕಿಯೆರೊ’ ಅನ್ನು. ನನಗೆ ಬೇಡ. ಅದಕ್ಕೆ ಕಾರಣ ಕೊಡಬೇಕಾಗಿಲ್ಲ.

ಆಮೇಲೆ ಪೂರ್ತಿ ವಾಕ್ಯ ಹೇಳಿಕೊಟ್ಟರು: ‘ನೋ ಕಿಯೆರೊ ಕಸಾರ್ಮೆ ಕೊಂತೀಗೊ.’ ನಿನ್ನನ್ನು ಮದುವೆಯಾಗಲು ನನಗೆ ಇಷ್ಟವಿಲ್ಲ. ಆ ‘ಕೊಂತೀಗೊ’ದಲ್ಲಿರುವುದು ನೀನು ಎಂದು ತಿಳಿದ ಕೂಡಲೇ ನನಗೆ ಕಸಿವಿಸಿಯಾಯಿತು. ನೀವು ಅನ್ನುವುದಿಲ್ಲವೇ ಎಂದೆ. ಇದೆ, ‘ಕೊನ್ ಉಸ್ತೆದ್’ ಎನ್ನಬಹುದು, ಆದರೆ ಮದುವೆ ಕೇಳಿದವನಿಗೆ ಹಾಗಂದರೆ ಹೊರಗಿನವನಂತೆ ದೂರ ಇಟ್ಟಂತಾಗುತ್ತದೆ ಎಂದು ಆಕೆ ಎಚ್ಚರಿಸಿದರು. ನಮ್ಮಲ್ಲಿ ಗಂಡನಿಗೂ ‘ರೀ’ ಹಚ್ಚಿಯೇ ಮಾತಾಡುತ್ತೇವೆ ಎಂದು ನಾನು ಹೇಳಿದೆ. ಹಾಗಾದರೆ ನಿನ್ನ ಬಾಯಲ್ಲಿ ಅದೇ ಸರಿ ಎಂದರು ಆಕೆ. ನಾನು ಕಾಲರು ಹೊಲಿಯುತ್ತ, ಗುಂಡಿ ಹಚ್ಚುತ್ತ ಅದನ್ನೇ ಗುನುಗಿದೆ. ‘ಕಸಾರ್’ ಎಂದಷ್ಟೇ ನಿಲ್ಲಿಸಿದಾಗಲೆಲ್ಲ ಆಕೆ ಒಳಕೋಣೆಯಿಂದ ‘ಮೆ!’ ಎಂದು ತಿದ್ದುತ್ತಿದ್ದರು.

ಮರುದಿನ ಮಧ್ಯಾಹ್ನ ಬಡಗಿ ಬಂದು ಮೆಟ್ಟಿಲ ಮೇಲೆ ಕೂತರು. ನಾನು ಯಂತ್ರದ ಚಕ್ರ ನಿಲ್ಲಿಸಿ ಎದ್ದು ನಿಂತೆ. ಈ ಸಲ ನಗಲಿಲ್ಲ.

“ನೋ ಕಿಯೆರೊ ಕಸಾರ್ಮೆ ಕೊನ್ ಉಸ್ತೆದ್. ಲೊ ಸಿಯೆಂತೊ.”

ಕೊನೆಯದು, ಕ್ಷಮಿಸಿ ಎಂಬುದು. ಅವರು ನಿಘಂಟನ್ನು ಕೈಗೆತ್ತಿಕೊಂಡು, ತೆರೆಯದೆ ಕೆಳಗಿಟ್ಟರು. ದೂರವಾಗುತ್ತದೆ ಅಂತಲೇನು ಎಂದು ತಮ್ಮ ಭಾಷೆಯಲ್ಲಿ ಕೇಳಿದರು. ದೂರ ಅನ್ನುವ ಶಬ್ದ ಅರ್ಥವಾಯಿತು. ಅಲ್ಲ ಎಂದೆ. “ನೋ ಕಿಯೆರೊ,” ಎಂದು ಮತ್ತೆ ಹೇಳಿದೆ. ಅವರು ತುಸು ಹೊತ್ತು ಸಮುದ್ರದ ಕಡೆ ನೋಡಿದರು. ತಿಳಿಯಿತು ಎಂದರು, ಚೆನ್ನಾಗಿ ಹೇಳಿದಿರಿ ಎಂದರು. ಆಮೇಲೆ ಎದ್ದು ನಿಧಾನವಾಗಿ ದಂಡೆಯ ಕಡೆ ನಡೆದರು. ನಾನು ಕೂತು ಮತ್ತೆ ಯಂತ್ರದ ಚಕ್ರ ತಿರುಗಿಸಿದೆ.

ಸಂಜೆ ಅವ್ವ ಬದನೆಕಾಯಿ ಹೆಚ್ಚುತ್ತ ಕೇಳಿದಳು. “ಬ್ಯಾಸರಾ ಮಾಡ್ಕೊಂಡ್ರೇನು?”

“ಮಾಡ್ಕೊಂಡ್ರು.”

“ನಿನಗ?”

“ನನಗೂ ಸ್ವಲ್ಪ ಆತು. ಖರೇ ಹೇಳ್ಬೇಕಂದ್ರ ಹಗುರನೂ ಆತು.”

ಅವ್ವ ಮುಂದೆ ಕೇಳಲಿಲ್ಲ. ಅಪ್ಪನಿಗೆ ಏನು ಹೇಳಿದಳೋ, ಅವನೂ ಆ ಮಾತು ಎತ್ತಲಿಲ್ಲ.

ಬಡಗಿ ಇನ್ನೂ ಕೆಲವು ದಿನ ಅಲ್ಲಿದ್ದರು. ಒಂದು ದಿನ ತೋಳು ಹರಿದ ಅಂಗಿ ತಂದುಕೊಟ್ಟರು, ಹೊಲಿದುಕೊಟ್ಟೆ. ಹೋಗುವ ಮುಂಚೆ ಜಗಲಿಗೆ ಬಂದು ಕೈಮುಗಿದರು. ಮುಂದಿನ ಮಳೆಗಾಲದಲ್ಲಿ ಅಪ್ಪನಿಗೆ ಫೋಂಡಾದಲ್ಲಿ ಕೆಲಸ ಸಿಕ್ಕು, ನಾವು ಆ ಕಡೆ ಮನೆ ಬದಲಾಯಿಸಿದೆವು. ಯಂತ್ರವೂ ನಮ್ಮ ಜೊತೆ ಹೋಯಿತು. ಅವರು ಆಮೇಲೆ ಕೊಲ್ವಾಕ್ಕೆ ಬಂದರೋ ಇಲ್ಲವೋ, ನಾನು ಯಾರನ್ನೂ ಕೇಳಲಿಲ್ಲ.