ಮುಖ ನೀವು ನೋಡ್ರಿ, ತೋಳು ನಾ ನೋಡ್ತೀನಿ

ಅವರ ತುಟಿಗಳ ನಡುವೆ ಸದಾ ಎರಡು ಮೂರು ಗುಂಡುಸೂಜಿಗಳಿರುತ್ತಿದ್ದವು. ಮಾತೆಲ್ಲ ಬಾಯಿಯ ಒಂದು ಮೂಲೆಯಿಂದಲೇ. ಸೂಜಿ ತೆಗೆದಿಟ್ಟು ಮಾತಾಡಿದರೆ ಅದು ತೂಕದ ಮಾತೆಂದು ನಮ್ಮ ಕುರ್ಲಾ ಚಾಳಿನವರಿಗೆಲ್ಲ ಗೊತ್ತಿತ್ತು.

ವಿಜಯಪುರದ ಕಡೆಯಿಂದ ಬಂದ ಅವರನ್ನು ನಾವು ಟೇಲರ್ ಚಾಚಾ ಎನ್ನುತ್ತಿದ್ದೆವು. ಜೋಗೇಶ್ವರಿಯ ಸ್ಟುಡಿಯೋ ಒಂದರಲ್ಲಿ ಟಿವಿ ಧಾರಾವಾಹಿಗಳಿಗೆ ಉಡುಪು ಹೊಲಿಯುತ್ತಿದ್ದರು. ಭಾನುವಾರ ಬೆಳಿಗ್ಗೆ ರಾಜರ ಕಾಲದ ಧಾರಾವಾಹಿ ಶುರುವಾದರೆ ಚಾಳಿನ ನಲ್ಲಿಯ ಹತ್ತಿರವೂ ಜನ ಇರುತ್ತಿರಲಿಲ್ಲ. ಎಲ್ಲರೂ ಅವರ ಖೋಲಿಯ ಟಿವಿಯ ಮುಂದೆ. ಮಹಾರಾಜನ ಪಾತ್ರದವನು ಬಂದೊಡನೆ ಹೆಂಗಸರು ಸೆರಗು ಸರಿಮಾಡಿಕೊಳ್ಳುವರು. ಚಾಚಾ ಮಾತ್ರ, "ಮುಖ ನೀವು ನೋಡ್ರಿ, ತೋಳು ನಾ ನೋಡ್ತೀನಿ. ದೇಶಕ್ಕೆಲ್ಲ ಮಹಾರಾಜ ಇರಬಹುದು, ನನ್ನ ಟೇಪಿಗೆ ಹೊಟ್ಟಿ ನಲವತ್ನಾಕು" ಎನ್ನುವರು. ಯಾವ ಧಾರಾವಾಹಿಯಲ್ಲಿ ಯಾರು ಯಾವ ಬಣ್ಣದ ಅಂಗಿ ತೊಟ್ಟು ಸತ್ತರು ಎಂಬುದೆಲ್ಲ ಅವರಿಗೆ ಬಾಯಿಪಾಠ.

ಮಾಳಿಗೆಯ ಮೇಲೆ ಆಂಟೆನಾದ ಕೋಲು ತಿರುಗಿಸುವುದು ನನ್ನ ಕೆಲಸ. ನಾನು "ಬಂತೇನು?" ಎಂದರೆ ಕೆಳಗಿನಿಂದ "ಬಂತು", ಇಲ್ಲವೇ "ಹೋತು" ಎಂಬ ಕೂಗು.

ಹತ್ತನೆಯ ಇಯತ್ತೆ ಮುಗಿಸಿ ಕಾರ್ಖಾನೆಯಲ್ಲಿ ಲೇತ್ ಮಶಿನ್ ಹಿಡಿದವನು ನಾನು. ಆದರೆ ಟಿವಿಯಲ್ಲಿ ಕಾಣಿಸಿಕೊಳ್ಳುವ ಹುಚ್ಚು. ಕಾಡಿ ಬೇಡಿ ಒಮ್ಮೆ ಚಾಚಾರ ಜೊತೆ ಸ್ಟುಡಿಯೋಗೆ ಹೋದೆ. ಅಂದು ದರಬಾರಿನ ಕಾವಲುಗಾರನ ಪಾತ್ರದವನು ಬಂದಿರಲಿಲ್ಲ. ಉಡುಪು ಚಾಚಾರ ಮೈಗೆ ಸರಿಹೊಂದಿತೆಂದು ಅವರನ್ನೇ ನಿಲ್ಲಿಸಿದರು; ಆಡಲು ಒಂದು ಮಾತನ್ನೂ ಕೊಟ್ಟರು. ನನ್ನನ್ನು ಅವರ ಹಿಂದಿನ ಗುಂಪಿಗೆ ತಳ್ಳಿದರು. ಮಾತಾಡುವಾಗ ಅವರು ತುಸು ಪಕ್ಕಕ್ಕೆ ಸರಿದರು. ಹೆದರಿಬಿಟ್ಟರು ಎಂದುಕೊಂಡು ನಾನು ನಕ್ಕೆ.

ಅದು ಪ್ರಸಾರವಾಗುವ ಭಾನುವಾರ ಚಾಚಾ ಸೂಜಿಗಳನ್ನು ತೆಗೆದಿಟ್ಟು ಹೇಳಿದರು: "ತಮ್ಮಾ, ಇವತ್ತ ಆ ಕೋಲು ಬ್ಯಾರೆಯವರ ಕೈಗೆ ಕೊಡು. ನೀ ಕೆಳಗ ಕುಂತು ನೋಡು."

ಚಾಚಾರಿಗೆ ತಮ್ಮ ಮೆರೆದಾಟವನ್ನು ನನಗೆ ತೋರಿಸಬೇಕಾಗಿದೆ ಎಂದುಕೊಂಡೆ. ಕೇಳದೆ ಮಾಳಿಗೆ ಹತ್ತಿದೆ. ಕೆಳಗೆ "ಚಾಚಾ ಬಂದ್ರು, ಚಾಚಾ ಬಂದ್ರು" ಎಂಬ ಕೂಗು ಎದ್ದೊಡನೆ ಬೇಕೆಂದೇ ಕೋಲು ತಿರುಗಿಸಿಬಿಟ್ಟೆ. "ಹೋತು, ಹೋತು" ಎಂದು ಚಾಳಿಗೆ ಚಾಳೇ ಅರಚಿತು. ನಿಧಾನವಾಗಿ ಸರಿಮಾಡಿದೆ. ಅಷ್ಟರಲ್ಲಿ ಆ ದೃಶ್ಯ ಮುಗಿದಿತ್ತು.

ಇಳಿದು ಬಂದಾಗ ಪಕ್ಕದ ಖೋಲಿಯ ಅಕ್ಕ, "ಮ್ಯಾಲೆ ನಿದ್ದಿ ಹೊಡೀತಿದ್ದೇನೋ?" ಎಂದು ಹರಿಹಾಯ್ದಳು. ಚಾಚಾ ಸೂಜಿ ಮತ್ತೆ ಬಾಯಿಗಿಟ್ಟುಕೊಂಡಿದ್ದರು. "ಅವಗೇನ್ ಅಂತೀಯವ್ವಾ, ಗಾಳಿ ಭಾಳ ಐತಿ" ಅಂದರು. ಅವರ ಬಾಗಿಲ ಮುಂದೆ ಒಣಹಾಕಿದ್ದ ಲುಂಗಿ ಕೊಂಚವೂ ಅಲುಗುತ್ತಿರಲಿಲ್ಲ.

ನನ್ನ ಮದುವೆಯ ಕೋಟನ್ನು ಅವರೇ ಹೊಲಿದರು. ಅಳತೆ ಕೊಡುವಾಗ ಕೋಲಿನ ವಿಷಯ ಹೇಳಿಬಿಡಬೇಕೆಂದುಕೊಂಡೆ. "ಉಸಿರು ಹಿಡೀಬ್ಯಾಡ, ಸರಳ ನಿಲ್ಲು" ಅಂದರು. ನೆಟ್ಟಗೆ ನಿಂತು ಅಳತೆ ಕೊಟ್ಟು ಬಂದೆ. ಅವರು ತೀರಿಕೊಂಡಾಗ, ಆಗ ನಾನಿದ್ದ ಬೊರಿವಲಿಯಿಂದ ಲೋಕಲ್ ಹಿಡಿದು ಹೋಗುವಷ್ಟರಲ್ಲಿ ಮಣ್ಣು ಮಾಡಿ ಮುಗಿದಿತ್ತು.

ಮೊನ್ನೆ ಮೊಮ್ಮಗಳು ಮೊಬೈಲಿನಲ್ಲಿ ಆ ಹಳೆಯ ಧಾರಾವಾಹಿಯನ್ನು ಹುಡುಕಿ ತೆಗೆದಳು. "ಅಜ್ಜಾ, ಪೀಛೆ ಯೇ ಆಪ್ ಹೋ ಕ್ಯಾ? ಹಿಂದೆ ನಿಂತು ಎಷ್ಟು ನಗ್ತಿದ್ದೀರಿ."

ಚಾಚಾ ಹೆದರಿರಲಿಲ್ಲ. ಒಂದಕ್ಷರವೂ ತಡವರಿಸದೆ ಮಾತಾಡುತ್ತಲೇ ಅರ್ಧ ಹೆಜ್ಜೆ ಎಡಕ್ಕೆ ಸರಿದು ಕ್ಯಾಮೆರಾಗೆ ನನ್ನ ಮುಖವನ್ನು ಬಿಟ್ಟುಕೊಟ್ಟಿದ್ದರು. ಆ ಮುಖ ಅವರನ್ನು ನೋಡಿ ನಗುತ್ತಿತ್ತು.

ಮೊಮ್ಮಗಳು ಮತ್ತೆ ಮತ್ತೆ ಅದನ್ನೇ ದೊಡ್ಡದು ಮಾಡಿ ತೋರಿಸಿದಳು. ನಾನು ಚಾಚಾರ ತೋಳು ನೋಡಿದೆ. ಹೊಲಿಗೆಯಲ್ಲಿ ಎಲ್ಲಿಯೂ ಒಂದು ಸುಕ್ಕಿರಲಿಲ್ಲ.